ಜಾರುಬಂಡಿ, ಟೈರ್ ತಡೆ, 50 ಕೆಜಿ ಚೀಲ: ಲೆಕ್ಕದಲ್ಲಿ ತಡೆಯುತ್ತೆ, ನಿಜದಲ್ಲಿ ಹೊಲಿಗೆ ಬಿಚ್ಚುತ್ತೆ

ನಾಪೋಕ್ಲು_ಕಣ

ಕಣದಿಂದ ಗೋಡೌನಿಗೆ 3 ಮೀಟರ್ ಇಳಿತ. 50 ಕೆಜಿಯ ಕಾಫಿ ಚೆರ್ರಿ ಚೀಲ ಇಳಿಸೋಕೆ 6 ಮೀಟರ್ ಉದ್ದದ ಜಾರುಬಂಡಿ ಇದೆ. ಸಿಲ್ವರ್ ಓಕ್ ಚೌಕಟ್ಟು, ಮೇಲೆ ಜಿಐ ಶೀಟ್, ಓರೆ 30 ಡಿಗ್ರಿ. ಕೆಳತುದಿಯಲ್ಲಿ ಗಾಳಿ ಇಲ್ಲದ ಎರಡು ಹಳೇ ಜೀಪ್ ಟೈರ್ ಅಕ್ಕಪಕ್ಕ, ಅವುಗಳ ಮುಂದೆ ಒಂದು ಹಲಗೆ. ಚೀಲ ಹಲಗೆಗೆ ಬಡಿದು ನಿಲ್ಲಬೇಕು, ಅಷ್ಟೇ.

ಶೀಟ್ ಮೂರು ತುಂಡು, ತಲಾ 2 ಮೀಟರ್. ಪ್ರತಿ ತುಂಡನ್ನೂ ಬಿಚ್ಚಿ ನೆಲದ ಮೇಲೆ ಮಟ್ಟವಾಗಿಟ್ಟು, ಚೀಲಕ್ಕೆ ತೂಗುತಕ್ಕಡಿ ಸಿಕ್ಕಿಸಿ ಎಳೆದಾಗ ಬಂದ ಅಳತೆ: ಮೇಲಿನ ಹೊಸ ಶೀಟ್ 12 ಕೆಜಿ, ನಡುವಿನದು 15 ಕೆಜಿ, ತುಕ್ಕು ಹಿಡಿದ ಕೆಳಗಿನದು 20 ಕೆಜಿ. ಅಂದರೆ ಘರ್ಷಣಾ ಗುಣಾಂಕ (ಎಳೆದ ಅಳತೆ ÷ ಚೀಲದ ತೂಕ 50 ಕೆಜಿ) 0.24, 0.30, 0.40.

ಟೈರಿನ ಅಳತೆಗೆ ಜೋಡಿಯನ್ನು ನೆಟ್ಟಗೆ ನಿಲ್ಲಿಸಿ, ಪಕ್ಕಕ್ಕೆ ವಾಲದ ಹಾಗೆ ಗೂಟ ಕೊಟ್ಟು, ಮೇಲೆ ಹಲಗೆ ಇಟ್ಟು, ಒಂದೊಂದೇ ಚೀಲ ಹೇರಿದ್ದು. ಎಷ್ಟು ಕುಗ್ಗಿತು ಅನ್ನೋದು ಹೀಗಿದೆ:

1 ಚೀಲ – 50 ಮಿಮೀ
2 ಚೀಲ – 90
3 ಚೀಲ – 122
4 ಚೀಲ – 150
5 ಚೀಲ – 172
6 ಚೀಲ – 190
7 ಚೀಲ – 204
8 ಚೀಲ – 215

ಲೆಕ್ಕ ಹೀಗೆ ಹಾಕಿದೆ. ಮೂರು ಗುಣಾಂಕಗಳ ಸರಾಸರಿ 0.313. ಅದರಿಂದ ಕೆಳಗೆ ಬರುವಾಗ ಚಲನಶಕ್ತಿ ಸುಮಾರು 672 ಜೂಲ್. ಟೈರ್ 8 ಚೀಲದ ಭಾರಕ್ಕೆ, ಅಂದರೆ 3,920 ನ್ಯೂಟನ್‌ಗೆ, 0.215 ಮೀಟರ್ ಕುಗ್ಗುತ್ತೆ. ಬಲ ಇಂಟು ದೂರ 843 ಜೂಲ್. 672ಕ್ಕಿಂತ ಧಾರಾಳವಾಗಿ ಜಾಸ್ತಿ. ಹಾಗಿದ್ದೂ ಟೈರ್ ಪೂರ್ತಿ ಚಪ್ಪಟೆಯಾಗಿ ಹಲಗೆ ಢಂ ಅಂತ ಬಡಿಯುತ್ತೆ, ಚೀಲದ ತಳದ ಹೊಲಿಗೆ ಬಿಚ್ಚುತ್ತೆ. ಎಡವಟ್ಟು ಎಲ್ಲಿ?

ಮೂರ್ನಾಡು_ಲೇತ್

ಎಡವಟ್ಟು ಆ 843ರಲ್ಲಿದೆ. ಉಳಿದದ್ದು ಸರಿ.

3,920 ನ್ಯೂಟನ್ ಬಲ ಟೈರಿಗೆ ಬರೋದು ಕೊನೇ ಮಿಲಿಮೀಟರಿನಲ್ಲಿ ಮಾತ್ರ. ಮೊದಲ 50 ಮಿಮೀ ಕುಗ್ಗುವಾಗ ಅದು ಸೊನ್ನೆಯಿಂದ 490ರ ತನಕ ಅಷ್ಟೇ ತಳ್ಳುತ್ತೆ. ಕೊನೆಯ ಬಲವನ್ನು ಇಡೀ ದೂರಕ್ಕೆ ಗುಣಿಸಿದರೆ ಟೈರ್ ಮಾಡದ ಕೆಲಸವನ್ನೂ ಅದರ ಖಾತೆಗೆ ಬರೆದಂತೆ. ಬಲ ಬದಲಾಗ್ತಾ ಇದ್ದರೆ ಕೆಲಸ ಅಂದರೆ ಬಲ–ದೂರ ನಕ್ಷೆಯ ಕೆಳಗಿನ ವಿಸ್ತೀರ್ಣ. ಅದಕ್ಕೆ ಅನುಕಲನ ಬರಲೇಬೇಕು ಅಂತಿಲ್ಲ. ನಿಮ್ಮ ಪಟ್ಟಿಯಲ್ಲಿ ಎಂಟು ತುಂಡಿದೆ. ಪ್ರತಿ ತುಂಡಿನಲ್ಲಿ ಎರಡು ತುದಿಯ ಬಲಗಳ ಸರಾಸರಿ ತೆಗೆದು, ಆ ತುಂಡಿನ ಅಗಲಕ್ಕೆ ಗುಣಿಸಿ, ಕೂಡಿ:

0–50 ಮಿಮೀ: 245 × 0.050 = 12.3 ಜೂಲ್
50–90: 735 × 0.040 = 29.4 (ಒಟ್ಟು 41.7)
90–122: 1,225 × 0.032 = 39.2 (80.9)
122–150: 1,715 × 0.028 = 48.0 (128.9)
150–172: 2,205 × 0.022 = 48.5 (177.4)
172–190: 2,695 × 0.018 = 48.5 (225.9)
190–204: 3,185 × 0.014 = 44.6 (270.5)
204–215: 3,675 × 0.011 = 40.4 (310.9)

ಅಂದರೆ ನಿಮ್ಮ ಟೈರ್ ಜೋಡಿ ನುಂಗೋದು ಬರೀ 311 ಜೂಲ್. ಬಲ ಸಮವಾಗಿ ಏರುವ ಸ್ಪ್ರಿಂಗ್ ಆಗಿದ್ದರೆ 843ರ ಅರ್ಧ, 421 ಸಿಗ್ತಿತ್ತು. ಟೈರ್ ಮೊದಲು ಮೆತ್ತಗಿದ್ದು ಆಮೇಲೆ ಗಟ್ಟಿಯಾಗೋದರಿಂದ ಅರ್ಧಕ್ಕೂ ಕಡಿಮೆ.

ಒಳಗೆ ಬರ್ತಿರೋದು ಎಷ್ಟು ಅಂತ ತುಂಡು ತುಂಡಾಗಿ ನೋಡಿ. ಓರೆಯಗುಂಟ ಗುರುತ್ವದ ಎಳೆತ 50 × 9.8 × ಸೈನ್ 30° = 245 ನ್ಯೂಟನ್. ಶೀಟಿನ ಮೇಲೆ ಲಂಬಬಲ 490 × ಕೊಸೈನ್ 30° = 424 ನ್ಯೂಟನ್. ಘರ್ಷಣೆ ಮೂರು ತುಂಡಿನಲ್ಲಿ 102, 127, 170 ನ್ಯೂಟನ್.

2 ಮೀ ಆದಾಗ: 286 ಜೂಲ್, ವೇಗ 3.4 ಮೀ/ಸೆ
4 ಮೀ ಆದಾಗ: 522 ಜೂಲ್, 4.6 ಮೀ/ಸೆ
6 ಮೀ ಆದಾಗ: 672 ಜೂಲ್, 5.2 ಮೀ/ಸೆ

ಟೈರ್ ಕುಗ್ಗುವಾಗಲೂ ಚೀಲ ಓರೆಯಲ್ಲಿ ಇಳಿಯುತ್ತಲೇ ಇರುತ್ತೆ. ಸುಮಾರು ಜನ ಇದನ್ನು ಮರೀತಾರೆ. 245ರಲ್ಲಿ 170 ಕಳೆದರೆ 75 ನ್ಯೂಟನ್, ಇಂಟು 0.215 ಮೀಟರ್, ಅಂದರೆ ಇನ್ನೂ 16 ಜೂಲ್. ಇಲ್ಲಿ ಸಣ್ಣದು, ಆದರೆ ನೆಟ್ಟಗೆ ಮೇಲಿನಿಂದ ಬೀಳೋ ವಸ್ತುವಾದರೆ ಸಣ್ಣದಾಗಿರಲ್ಲ. ಒಟ್ಟು 688ರಲ್ಲಿ ಟೈರ್ 311 ತಗೊಂಡಿತು, ಮಿಕ್ಕಿದ್ದು 377. ಟೈರ್ ಚಪ್ಪಟೆಯಾದ ಮೇಲೆ ಇನ್ನೂ 2 ಸೆಂಮೀ ಜಾಗ ಇದೆ ಅಂತಲೇ ಇಟ್ಟುಕೊಳ್ಳಿ: 377 ÷ 0.02, ಸರಾಸರಿ ಬಲವೇ ಸುಮಾರು 19,000 ನ್ಯೂಟನ್. ಒಂದರ ಮೇಲೊಂದು 38 ಚೀಲ ಹೇರಿದ ಹಾಗೆ. ಒಳಗಿನ ಚೆರ್ರಿ ಜರುಗಿ ಚೀಲವೂ ಸ್ವಲ್ಪ ಕುಗ್ಗೋದರಿಂದ ನಿಜವಾದ ಬಲ ಇದಕ್ಕಿಂತ ಕಡಿಮೆ ಇರುತ್ತೆ, ಆದರೂ ಹೊಲಿಗೆ ಬಿಚ್ಚೋದರಲ್ಲಿ ಆಶ್ಚರ್ಯ ಇಲ್ಲ.

ಗುಣಾಂಕದ ಸರಾಸರಿ 0.313 ಹಾಕಿದ್ದು ಸರಿ ಬಂದದ್ದು ಮೂರೂ ತುಂಡು ಒಂದೇ ಉದ್ದ, ಒಂದೇ ಓರೆ ಅನ್ನೋ ಅದೃಷ್ಟದಿಂದ. ತುಂಡುಗಳು 1, 2, 3 ಮೀಟರ್ ಆಗಿದ್ದರೆ ಉದ್ದದ ತೂಕ ಕೊಟ್ಟು ಸರಾಸರಿ ತೆಗೀಬೇಕು.

ಇನ್ನು ತಕ್ಕಡಿ ಅಳತೆ. ಚೀಲ ಅಲುಗುವಾಗ ಬರೋ ಮೊದಲ ಜಗ್ಗಿನ ಅಂಕಿ ಬೇಡ, ಅದು ಸಾಮಾನ್ಯವಾಗಿ ಜಾಸ್ತಿ. ಒಂದೇ ನಿಧಾನದಲ್ಲಿ ಜಾರ್ತಾ ಇರುವಾಗ ಓದಿ, ಹಗ್ಗ ಶೀಟಿಗೆ ಸಮಾನಾಂತರ ಇರಲಿ. ಪರೀಕ್ಷೆಗೆ ಮೊಬೈಲ್ ವಿಡಿಯೋ ಸಾಕು: ಈ ಗುಣಾಂಕಗಳು ಸರಿ ಇದ್ದರೆ ಮೇಲಿಂದ ಬಿಟ್ಟ ಚೀಲ ಹಲಗೆ ಮುಟ್ಟೋಕೆ ಸುಮಾರು 2.1 ಸೆಕೆಂಡ್ ಬೇಕು. ಎರಡೂವರೆ ಬಂದರೆ ಘರ್ಷಣೆ ನಿಮ್ಮ ಅಳತೆಗಿಂತ ಹೆಚ್ಚಿದೆ ಅಂತ ಅರ್ಥ.

ನಾಪೋಕ್ಲು_ಕಣ

ಅರ್ಥ ಆಯ್ತು. ಹಾಗಾದರೆ ಕೆಳಗಿನ 2 ಮೀಟರಿಗೆ ತೆಂಗಿನ ನಾರಿನ ಚಾಪೆ ಹೊದಿಸಿದರೆ? ಅದರ ಮೇಲೆ ಎಳೆದಾಗ 35 ಕೆಜಿ ತೋರಿಸ್ತು, ಅಂದರೆ 0.7.

ಮೂರ್ನಾಡು_ಲೇತ್

ಸಾಲದು. 30 ಡಿಗ್ರಿ ಓರೆಯಲ್ಲಿ ಗುಣಾಂಕ 0.577 ದಾಟಿದರೆ ಮಾತ್ರ ಚೀಲ ನಿಧಾನ ಆಗೋಕೆ ಶುರು. 0.7 ಅಂದರೆ 297 ನ್ಯೂಟನ್ ತಡೆ, ಅದರಲ್ಲಿ 245 ಗುರುತ್ವಕ್ಕೇ ಹೋಯ್ತು. ಉಳಿಯೋ 52 ನ್ಯೂಟನ್ 2 ಮೀಟರಿನಲ್ಲಿ 104 ಜೂಲ್ ಇಳಿಸುತ್ತೆ. 522 ಇದ್ದದ್ದು 418. ಟೈರಿನ ತಾಕತ್ತು 311. ಜೊತೆಗೆ ಇನ್ನೊಂದು ತಾಪತ್ರಯ: ಚಾಪೆ ಮೇಲೆ ಒಂದು ಚೀಲ ಹೇಗೋ ನಿಂತರೆ ತಾನಾಗಿ ಮತ್ತೆ ಜಾರಲ್ಲ, ಹಿಂದಿನದು ಬಂದು ಅದಕ್ಕೆ ಗುದ್ದುತ್ತೆ.

ಓರೆಯಲ್ಲಿ ತಡೆಯೋಕೆ ಹೋಗಬೇಡಿ, ಮಟ್ಟದಲ್ಲಿ ತಡೀರಿ. ಜಾರುಬಂಡಿಯ ಬುಡದಿಂದ ಗೋಡೌನ್ ಒಳಕ್ಕೆ 3 ಮೀಟರ್ ಮಟ್ಟವಾದ ಓಟ ಕೊಡಿ, ಅದೇ ತುಕ್ಕು ಶೀಟ್ ಸಾಕು. ಮಟ್ಟದಲ್ಲಿ ಲಂಬಬಲ ಪೂರಾ 490, ಘರ್ಷಣೆ 196 ನ್ಯೂಟನ್, ಗುರುತ್ವದ ಕೆಲಸ ಸೊನ್ನೆ. 196 × 3 = 588. 672ರಲ್ಲಿ 588 ಹೋದರೆ ಟೈರಿಗೆ ಉಳಿದದ್ದು 84 ಜೂಲ್. ಟೈರ್ ಕುಗ್ಗುವಾಗಲೂ ಅಡಿಯಲ್ಲಿ ಘರ್ಷಣೆ ಇರೋದನ್ನು ಸೇರಿಸಿದರೆ ಸುಮಾರು 109 ಮಿಮೀ ಕುಗ್ಗುತ್ತೆ, ಗರಿಷ್ಠ ಬಲ 1,270 ನ್ಯೂಟನ್ ಆಸುಪಾಸು. ಎರಡೂವರೆ ಚೀಲದ ಭಾರ, ಹೊಲಿಗೆ ತಡೆಯುತ್ತೆ. ಜಾಗ ಮೂರೂವರೆ ಮೀಟರ್ ಇದ್ದರೆ ಟೈರೇ ಬೇಡ, 3.43 ಮೀಟರಿಗೆ ತಾನೇ ನಿಲ್ಲುತ್ತೆ.

ಗೋಣಿಕೊಪ್ಪ_ಅಳತೆಪಟ್ಟಿ

ಮೇಲಿನ ಲೆಕ್ಕದಲ್ಲಿ ಓರೆಯಿಂದ ಮಟ್ಟಕ್ಕೆ ತಿರುಗುವ ಬಾಗನ್ನು ಬಿಟ್ಟಿದ್ದಾರೆ. ಅಲ್ಲಿ ಚೀಲದ ದಿಕ್ಕು ಬದಲಿಸೋಕೆ ಶೀಟ್ ಅದನ್ನು ಹೆಚ್ಚುವರಿಯಾಗಿ ಒತ್ತಬೇಕು, ಒತ್ತಿದಷ್ಟೂ ಘರ್ಷಣೆ ಜಾಸ್ತಿ. ಇಲ್ಲಿ ಬಲ ಜಾಗವನ್ನು ಮಾತ್ರ ಅವಲಂಬಿಸಿಲ್ಲ, ವೇಗದ ವರ್ಗವನ್ನೂ ಅವಲಂಬಿಸಿದೆ. ಟೈರಿನ ಹಾಗೆ ಮೊದಲೇ ಅಳೆದು ನಕ್ಷೆ ಬರೆಯೋಕಾಗಲ್ಲ. ಆದರೂ ಶಕ್ತಿಯ ಭಾಷೆಯಲ್ಲಿ ಸುಲಭ. ಬಾಗಿನ ಪ್ರತಿ ಸಣ್ಣ ಕೋನಕ್ಕೂ ಇರುವ ಶಕ್ತಿಯ ಇಂತಿಷ್ಟು ಪಾಲು ಹೋಗುತ್ತೆ, ಆ ಪಾಲು ಗುಣಾಂಕದ ಎರಡರಷ್ಟು ಇಂಟು ಕೋನ. 30 ಡಿಗ್ರಿ ಅಂದರೆ 0.524 ರೇಡಿಯನ್. ಗುಣಾಂಕ 0.4 ಆದರೆ ಬಾಗು ದಾಟಿದ ಮೇಲೆ ಉಳಿಯೋ ಪಾಲು 2.718ರ (e) ಘಾತ −0.419, ಅಂದರೆ 0.66. ಬಾಗೊಂದೇ ಶಕ್ತಿಯ ಮೂರನೇ ಒಂದು ಪಾಲು ತಿನ್ನುತ್ತೆ. ಬಾಗಿನ ತ್ರಿಜ್ಯ ಈ ಲೆಕ್ಕದಲ್ಲಿ ಬರೋದೇ ಇಲ್ಲ, ಅದೇ ಚಂದ.

ಆದರೆ ಈ ಉಳಿತಾಯವನ್ನು ನೆಚ್ಚಿಕೊಂಡು ಮಟ್ಟದ ಓಟವನ್ನು ಗಿಡ್ಡ ಮಾಡಬೇಡಿ. ಈ ಸೂತ್ರ ಚೀಲವನ್ನು ಚುಕ್ಕಿ ಅಂದುಕೊಳ್ಳುತ್ತೆ, ಬಾಗಿನೊಳಗೆ ಗುರುತ್ವವನ್ನೂ ಬಿಡುತ್ತೆ. ಚೀಲ ಮಾರುದ್ದ ಇಲ್ಲದಿದ್ದರೂ ಚುಕ್ಕಿಯಂತೂ ಅಲ್ಲ. ತ್ರಿಜ್ಯ ತೀರಾ ಕಡಿಮೆಯಾದರೆ ಮೂತಿ ಶೀಟಿಗೆ ಕುಕ್ಕಿ ಪಲ್ಟಿ ಹೊಡೆಯುತ್ತೆ. ಒಂದೂವರೆ ಮೀಟರಿಗಿಂತ ಕಡಿಮೆ ತ್ರಿಜ್ಯ ಕೊಡಬೇಡಿ, ಮೇಲಿನ ಶೀಟಿನ ತುದಿ ಕೆಳಗಿನದರ ಮೇಲೆ ಬರುವ ಹಾಗೆ ಜೋಡಿಸಿ. ಉಲ್ಟಾ ಜೋಡಿಸಿದರೆ ಪ್ರತಿ ಚೀಲವೂ ಆ ಅಂಚಿಗೆ ಸಿಕ್ಕಿ ಹರಿಯುತ್ತೆ.

ಟೈರ್ ಅಳತೆ ಬಗ್ಗೆ ಎರಡು ಮಾತು. ರಬ್ಬರ್ ಭಾರ ಹೊತ್ತು ನಿಂತರೆ ನಿಧಾನಕ್ಕೆ ಇನ್ನೂ ಕುಸಿಯುತ್ತೆ. ಪ್ರತಿ ಚೀಲ ಇಟ್ಟ ಮೇಲೆ ಒಂದೇ ಸಮಯಕ್ಕೆ, 30 ಸೆಕೆಂಡಿಗೆ ಅಂತ ಇಟ್ಟುಕೊಳ್ಳಿ, ಓದಿ. ಮತ್ತೆ ಫಟ್ಟನೆ ಬಡಿದಾಗ ರಬ್ಬರ್ ನಿಧಾನದ ಅಳತೆಗಿಂತ ಗಟ್ಟಿಯಾಗಿ ವರ್ತಿಸುತ್ತೆ, ಹಾಗಾಗಿ ಪಟ್ಟಿಯ ಬಲಕ್ಕಿಂತ ಕೊಂಚ ಜಾಸ್ತಿಯೇ ನಿರೀಕ್ಷಿಸಿ.

ಪಟ್ಟಿ ಸರಿಯಿದೆಯಾ ಅಂತ ನೋಡೋಕೆ ಸುಲಭದ ದಾರಿ: ನೆಟ್ಟಗೆ ನಿಂತ ಟೈರಿನ ಹಲಗೆಗೆ ಚೀಲವನ್ನು ಬರೀ ತಾಗಿಸಿ ಹಿಡಿದು ಒಮ್ಮೆಲೇ ಬಿಡಿ. ಮೆಲ್ಲಗೆ ಇಟ್ಟರೆ 50 ಮಿಮೀ ಕುಗ್ಗುವ ಟೈರ್ ಈಗ 95 ಮಿಮೀ ತನಕ ಹೋಗಿ ವಾಪಸ್ ಬರಬೇಕು. ಗುರುತ್ವದ ಕೆಲಸ 490 × 0.095 = 46.6 ಜೂಲ್, ಪಟ್ಟಿಯ ವಿಸ್ತೀರ್ಣವೂ ಅಲ್ಲಿಗೆ 46.7. ಪಕ್ಕಾ ಸ್ಪ್ರಿಂಗ್ ಆಗಿದ್ದರೆ ಸರಿಯಾಗಿ ಎರಡರಷ್ಟು, 100 ಮಿಮೀ ಬರ್ತಿತ್ತು. ಚೀಲದ ವೇಗ ಗರಿಷ್ಠ ಆಗೋದು 50 ಮಿಮೀ ಹತ್ತಿರ. ಅಲ್ಲಿಯ ತನಕ ಟೈರಿನ ಬಲ ಭಾರಕ್ಕಿಂತ ಕಡಿಮೆ, ಆದ್ದರಿಂದ ಮುಟ್ಟಿದ ಮೇಲೂ ವೇಗ ಏರ್ತಾನೇ ಇರುತ್ತೆ.

ಪ್ರಥಮ_ಪಿಯು

ಇದನ್ನೇ ಸಂವೇಗದಿಂದ ಮಾಡಿದರೆ ಬೇರೆ ಉತ್ತರ ಬರುತ್ತಲ್ಲ? ಚಲನಶಕ್ತಿ ÷ ಕುಗ್ಗಿದ ದೂರ ಒಂದು ಸರಾಸರಿ ಬಲ ಕೊಡುತ್ತೆ, ಸಂವೇಗ ÷ ನಿಲ್ಲೋಕೆ ಹಿಡಿದ ಸಮಯ ಇನ್ನೊಂದು ಕೊಡುತ್ತೆ. ಯಾವುದು ಸರಿ? ಮತ್ತೆ ಚಲನೆಯ ಸಮೀಕರಣಗಳನ್ನು ಇಲ್ಲಿ ಯಾಕೆ ಹಾಕಬಾರದು?

ಗೋಣಿಕೊಪ್ಪ_ಅಳತೆಪಟ್ಟಿ

ಎರಡೂ ಸರಿ, ಎರಡೂ ಬೇರೆ ಬೇರೆ ಸರಾಸರಿ. ಅಂಕಿ ಹಾಕಿ ನೋಡಿ. ಘರ್ಷಣೆ ಇಲ್ಲದ ಮಟ್ಟದ ಮೇಲೆ 50 ಕೆಜಿ ವಸ್ತು 1.4 ಮೀ/ಸೆ ವೇಗದಲ್ಲಿ ಬಂದು, ಮೀಟರಿಗೆ 9,800 ನ್ಯೂಟನ್ ಸ್ಥಿರಾಂಕದ ಸ್ಪ್ರಿಂಗಿಗೆ ತಾಗುತ್ತೆ ಅಂದುಕೊಳ್ಳಿ. ಚಲನಶಕ್ತಿ ½ × 50 × 1.96 = 49 ಜೂಲ್. ½ × 9,800 × ದೂರ² = 49, ಆದ್ದರಿಂದ ಕುಗ್ಗೋದು ಸರಿಯಾಗಿ 0.1 ಮೀಟರ್, ಗರಿಷ್ಠ ಬಲ 980 ನ್ಯೂಟನ್.

ದೂರದ ಮೇಲಿನ ಸರಾಸರಿ: 49 ÷ 0.1 = 490 ನ್ಯೂಟನ್.

ಸಮಯ: 9,800 ÷ 50ರ ವರ್ಗಮೂಲ 14, ನಿಲ್ಲೋಕೆ ಕಾಲು ಆವರ್ತ, ಅಂದರೆ 1.571 ÷ 14 = 0.112 ಸೆಕೆಂಡ್. ಸಂವೇಗ 70. ಸಮಯದ ಮೇಲಿನ ಸರಾಸರಿ: 70 ÷ 0.112, ಸುಮಾರು 624 ನ್ಯೂಟನ್.

490 ಯಾಕೆ, 624 ಯಾಕೆ? ಸ್ಪ್ರಿಂಗ್ ಮೆತ್ತಗಿರುವ ಮೊದಲ ಭಾಗವನ್ನು ವಸ್ತು ವೇಗವಾಗಿ ದಾಟಿಬಿಡುತ್ತೆ. ಬಲ ಜಾಸ್ತಿ ಇರುವ ಕೊನೆಯ ಭಾಗದಲ್ಲಿ ಅದು ನಿಧಾನ, ಅಲ್ಲೇ ಹೆಚ್ಚು ಹೊತ್ತು ಇರುತ್ತೆ. ಗಡಿಯಾರ ಹಿಡಿದು ಸರಾಸರಿ ತೆಗೆದರೆ ದೊಡ್ಡ ಬಲಕ್ಕೆ ಹೆಚ್ಚು ತೂಕ ಸಿಗುತ್ತೆ, ಅಳತೆಪಟ್ಟಿ ಹಿಡಿದರೆ ಪ್ರತಿ ಮಿಲಿಮೀಟರಿಗೂ ಒಂದೇ ತೂಕ. ಹೊಲಿಗೆಗೆ ಮುಖ್ಯವಾದದ್ದು ಇವೆರಡೂ ಅಲ್ಲ, ಆ 980. ಒಂದು ಸರಾಸರಿಯನ್ನು ತಂದು ಇನ್ನೊಂದರ ಸೂತ್ರಕ್ಕೆ ಹಾಕೋದು ಪರೀಕ್ಷೆಯಲ್ಲಿ ಅಂಕ ಹೋಗುವ ಮಾಮೂಲಿ ಜಾಗ.

ಚಲನೆಯ ಸಮೀಕರಣಗಳು ವೇಗೋತ್ಕರ್ಷ ಸ್ಥಿರ ಇದ್ದಾಗ ಮಾತ್ರ. ಜಾರುಬಂಡಿಯ ಒಂದೊಂದು ತುಂಡಿನಲ್ಲಿ ಬಲ ಸ್ಥಿರ, ಅಲ್ಲಿ ಧಾರಾಳವಾಗಿ ಹಾಕಬಹುದು. ಮೇಲೆ ಹೇಳಿದ 2.1 ಸೆಕೆಂಡ್ ಹಾಗೇ ಬಂದದ್ದು. ಟೈರಿನೊಳಗೆ ಆಗಲ್ಲ. ಶಕ್ತಿಯ ಲೆಕ್ಕಕ್ಕೂ ಒಂದು ಮಿತಿ ಇದೆ: ಯಾವ ಜಾಗದಲ್ಲಿ ಎಷ್ಟು ವೇಗ ಅಂತ ಹೇಳುತ್ತೆ, ಯಾವ ಹೊತ್ತಿಗೆ ಅಂತ ನೇರವಾಗಿ ಹೇಳಲ್ಲ. ಸಮಯ ಬೇಕಾದರೆ ಪ್ರತಿ ಸಣ್ಣ ತುಂಡಿನ ಅಗಲವನ್ನು ಅಲ್ಲಿನ ವೇಗದಿಂದ ಭಾಗಿಸಿ ಕೂಡಬೇಕು, ಕೊನೇ ತುಂಡಿನಲ್ಲಿ ವೇಗ ಸೊನ್ನೆಗೆ ಹೋಗೋದರಿಂದ ಅಲ್ಲಿ ತುಂಡು ಇನ್ನೂ ಸಣ್ಣ ಮಾಡಬೇಕು.

ಮೂರ್ನಾಡು_ಲೇತ್

ವಾಪಸ್ ನೆಗೆತದ ವಿಷಯ ಯಾರೂ ಎತ್ತಲಿಲ್ಲ. ಟೈರ್ ನುಂಗಿದ್ದನ್ನೆಲ್ಲ ಇಟ್ಟುಕೊಳ್ಳಲ್ಲ. ಚೀಲ ಹೇರುವಾಗ ಮಾತ್ರ ಅಲ್ಲ, ಇಳಿಸುವಾಗಲೂ ಅಳತೆ ಬರೆದಿದ್ದರೆ ಕೊಡಿ.

ನಾಪೋಕ್ಲು_ಕಣ

ನಾಲ್ಕು ಚೀಲದ ತನಕ ಹೇರಿ ಇಳಿಸಿದ್ದು ಇದೆ. 4 ಚೀಲಕ್ಕೆ 150, 3ಕ್ಕೆ 132, 2ಕ್ಕೆ 104, 1ಕ್ಕೆ 62, ಖಾಲಿ ಮಾಡಿದಾಗ 6 ಮಿಮೀ.

ಮೂರ್ನಾಡು_ಲೇತ್

ಅದೇ ರೀತಿ ತುಂಡು ಮಾಡಿ ಕೂಡಿದರೆ 30.9 + 34.3 + 30.9 + 13.7, ಹತ್ತಿರ ಹತ್ತಿರ 110 ಜೂಲ್. ಹೇರುವಾಗ 129 ಹಾಕಿ ಇಳಿಸುವಾಗ 110 ವಾಪಸ್, 19 ಜೂಲ್ ಬಿಸಿಯಾಗಿ ರಬ್ಬರಿನಲ್ಲೇ ಉಳೀತು. ಎರಡು ಗೆರೆಗಳ ನಡುವಿನ ವಿಸ್ತೀರ್ಣ ಅದು, ಬರೀ 15 ಶೇಕಡಾ. ಟೈರ್ ನಿಲ್ಲಿಸುತ್ತೆ, ಆದರೆ ಹಿಂದಕ್ಕೂ ಒದೆಯುತ್ತೆ. 150 ಮಿಮೀ ಕುಗ್ಗಿದ ಟೈರ್ ಆ 110 ಜೂಲನ್ನು ಚೀಲಕ್ಕೆ ಕೊಟ್ಟರೆ, ಮಟ್ಟದಲ್ಲಿ 196 ನ್ಯೂಟನ್ ಘರ್ಷಣೆ ಇದ್ದೂ ಚೀಲ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಹಿಂದೆ ಸರಿಯುತ್ತೆ. ಮುಂದಿನ ಚೀಲ ಬಿಡುವ ಮೊದಲು ಇದನ್ನು ತೆಗೀಲೇಬೇಕು.

ಪಿಯು ಹುಡುಗರಿಗೆ: ವಾಪಸ್ ಹೋಗುವಾಗ ಘರ್ಷಣೆಯ ದಿಕ್ಕೂ ತಿರುಗುತ್ತೆ, ಕೆಲಸ ಮತ್ತೆ ಋಣವೇ. ಹೋಗುವಾಗ ಋಣ, ಬರುವಾಗ ಧನ ಅಂತ ಬರೆದು ಸೊನ್ನೆ ಮಾಡೋದು ಗುರುತ್ವಕ್ಕೆ, ಸ್ಪ್ರಿಂಗಿಗೆ ನಡೆಯುತ್ತೆ, ಘರ್ಷಣೆಗೆ ನಡೆಯಲ್ಲ.

ನಾಪೋಕ್ಲು_ಕಣ

ಗೋಡೌನ್ ಒಳಗೆ 3 ಮೀಟರ್ ಸಿಗುತ್ತೆ. ಇನ್ನೂ ಒಂದು ಜೊತೆ ಹಳೇ ಟೈರ್ ಇದೆ. ಈಗಿರುವ ಜೋಡಿಯ ಪಕ್ಕಕ್ಕೆ ಇಡಲಾ, ಹಿಂದಕ್ಕೆ ಇಡಲಾ?

ಗೋಣಿಕೊಪ್ಪ_ಅಳತೆಪಟ್ಟಿ

ಹಿಂದಕ್ಕೆ, ನಡುವೆ ಒಂದು ಹಲಗೆ ಹಾಕಿ. ಪಕ್ಕಕ್ಕೆ ಇಟ್ಟರೆ ಕುಗ್ಗುವ ದೂರ ಅದೇ 215 ಮಿಮೀ, ಬಲ ಎರಡರಷ್ಟು 7,840 ನ್ಯೂಟನ್, ಒಟ್ಟು 622 ಜೂಲ್. ಹಿಂದಕ್ಕೆ ಇಟ್ಟರೆ ಎರಡು ಜೋಡಿಗೂ ಒಂದೇ ಬಲ, ಕುಗ್ಗೋದು ಕೂಡಿ 430 ಮಿಮೀ, ಒಟ್ಟು ಅದೇ 622 ಜೂಲ್, ಆದರೆ ಬಲ 3,920ರಲ್ಲೇ ನಿಲ್ಲುತ್ತೆ. ನುಂಗುವ ಶಕ್ತಿ ಎರಡರಲ್ಲೂ ಒಂದೇ, ಚೀಲಕ್ಕೆ ಬೀಳುವ ಪೆಟ್ಟು ಅರ್ಧ. ಹಿಂದಿನ ಜೋಡಿ ಮೇಲಕ್ಕೆ ಚಿಮ್ಮದ ಹಾಗೆ ಎರಡೂ ಬದಿಗೆ ಗೂಟ, ಮೇಲೊಂದು ಅಡ್ಡಪಟ್ಟಿ ಬೇಕು.

ಆ ಹೆಚ್ಚಿನ ಜೋಡಿ ಬೇಕಾಗೋದು ಬೆಳಗ್ಗೆ. ಕೊಯ್ಲಿನ ತಿಂಗಳುಗಳಲ್ಲಿ ಮಳೆ ಇಲ್ಲದಿದ್ದರೂ ಇಬ್ಬನಿ ಬಿದ್ದ ಶೀಟ್ ಒದ್ದೆ ಇರುತ್ತೆ. ಒದ್ದೆಯಲ್ಲಿ ಗುಣಾಂಕ ಇಡೀ ಉದ್ದಕ್ಕೂ 0.2ಕ್ಕೆ ಇಳೀತು ಅಂತ ಇಟ್ಟುಕೊಳ್ಳಿ: ಗುರುತ್ವದ 1,470 ಜೂಲಿನಲ್ಲಿ ಓರೆ 509 ತಿನ್ನುತ್ತೆ, ಮಟ್ಟದ 3 ಮೀಟರ್ ಬರೀ 294. ಟೈರಿಗೆ ಬರೋದು 667, ಹಳೇ ಅವಸ್ಥೆಗೇ ವಾಪಸ್, ನಾಲ್ಕು ಟೈರೂ ಅಂಚಿನಲ್ಲೇ. ಗೋಣಿ ಬದಲು ಪ್ಲಾಸ್ಟಿಕ್ ನೇಯ್ಗೆಯ ಚೀಲ ಹಾಕಿದರೂ ಗುಣಾಂಕ ಬೇರೆ, ಅದನ್ನು ಬೇರೆಯಾಗಿ ಎಳೆದು ನೋಡಿ. ಒದ್ದೆ ಶೀಟಿನ ಮೇಲೂ ಒಮ್ಮೆ ತಕ್ಕಡಿ ಎಳೆದು ಅಂಕಿ ಹಾಕಿ. ಮಟ್ಟದ ಭಾಗದಲ್ಲಿ 15 ಕೆಜಿಗಿಂತ ಕಡಿಮೆ ತೋರಿಸಿದರೆ ಬಿಸಿಲು ಬಂದು ಶೀಟ್ ಒಣಗುವ ತನಕ ಚೀಲ ಬಿಡಬೇಡಿ.